ಕವನ ಬರೆದಷ್ಟೂ ದುಃಖ ಜಾಸ್ತಿಯಾಗುತ್ತಿದೆ, ನಿಲ್ಲಿಸಲಾ?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿದ್ದೇನೆ. ಎಂಟು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಎದೆ ಉರಿ ಅಂದಾಗ ಗ್ಯಾಸ್ ಇರಬೇಕು ಅಂದುಕೊಂಡೆವು. ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರೇನೋ. ಆಮೇಲೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕವನ ಬರೆಯಲು ಶುರು ಮಾಡಿದೆ. ಎರಡು ನೋಟ್‌ಬುಕ್ ತುಂಬಿವೆ. ಬರೆಯುವಾಗ ಹಗುರ ಅನಿಸುತ್ತದೆ. ಬರೆದದ್ದನ್ನು ಓದಿದರೆ ಮತ್ತೆ ಅಳು. ರಾತ್ರಿ ಒಂದು ಗಂಟೆ ಹೊಡೆದರೂ ನಿದ್ದೆ ಇಲ್ಲ. ನಮ್ಮ ಯಜಮಾನರು "ಬರೆದು ಬರೆದು ಗಾಯ ಕೆರೆದುಕೊಳ್ತಿದ್ದೀಯ, ಬಿಟ್ಟುಬಿಡು" ಅನ್ನುತ್ತಾರೆ. ಗೆಳತಿ "ಕವನವೇ ಔಷಧ, ಬಿಡಬೇಡ" ಅನ್ನುತ್ತಾಳೆ. ತವರಿನ ಅಡುಗೆಮನೆಯಲ್ಲಿ ಅಪ್ಪ ಹಾಲಿನ ಲೆಕ್ಕ ಬರೆಯುತ್ತಿದ್ದ ಕ್ಯಾಲೆಂಡರ್ ಇನ್ನೂ ಹಾಗೇ ಇದೆ. ಲೆಕ್ಕ 11ನೇ ತಾರೀಕಿಗೆ ನಿಂತಿದೆ. ತೆಗೆಯಲು ಅಮ್ಮನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಎರಡು ಕವನ ಜೊತೆಗೆ ಕಳಿಸಿದ್ದೇನೆ. ಯಾರ ಮಾತು ಕೇಳಲಿ? (ಹೆಸರು ಬೇಡ)

ಉತ್ತರ: ನಿಲ್ಲಿಸಬೇಡಿ. ಆದರೆ ಈಗ ಬರೆಯುತ್ತಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ. ನಿಮ್ಮ ಯಜಮಾನರು ಕಂಡದ್ದು ಸುಳ್ಳಲ್ಲ, ಗೆಳತಿ ಹೇಳಿದ್ದೂ ಸುಳ್ಳಲ್ಲ. ಬರೆಯುವುದರಿಂದ ಮನಸ್ಸು ಮಾಯುವುದೂ ಉಂಟು, ಗಾಯ ಹಸಿಯಾಗೇ ಉಳಿಯುವುದೂ ಉಂಟು. ಅದು ನಾವು ಹೇಗೆ ಬರೆಯುತ್ತೇವೆ ಅನ್ನುವುದರ ಮೇಲಿದೆ.

ಕವನದ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ನಿಮ್ಮ ಎರಡನೇ ಕವನದ ಕೊನೆಯಲ್ಲಿ "ನಾನೇಕೆ ಉಳಿದೆ" ಎಂದಿದೆ. ಕವನದಲ್ಲಿ ಹೀಗೆ ಬರೆಯುವವರು ಬಹಳ ಜನ. ಎಲ್ಲರೂ ಸಾಯುವ ಯೋಚನೆಯಲ್ಲಿರುವುದಿಲ್ಲ. ಆದರೂ ನೇರವಾಗಿ ಕೇಳುತ್ತೇನೆ: ಬದುಕು ಸಾಕು, ನಾನೂ ಹೋಗಿಬಿಡಬೇಕು ಅನ್ನುವ ಯೋಚನೆ ಬರುತ್ತಿದೆಯಾ? ಹೌದು ಎಂದಾದರೆ ಈ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರನ್ನೂ ಎಬ್ಬಿಸಿ ಹೇಳಿ. ಆ ಹೊತ್ತಿನಲ್ಲಿ ಒಬ್ಬರೇ ಕೂತು ಬರೆಯಬೇಡಿ.

ಅಂಥದ್ದೇನೂ ಇಲ್ಲ, ಅಪ್ಪ ಇಲ್ಲದ ನೋವಷ್ಟೇ ಎಂದಾದರೆ ಮುಂದೆ ಓದಿ.

ನಿಮ್ಮ ಕವನಗಳನ್ನು ಎರಡು ಸಲ ಓದಿದೆ. ಪತ್ರವನ್ನು ನಾಲ್ಕು ಸಲ ಓದಿದೆ. ಕವನದಲ್ಲಿ ಕತ್ತಲು ಇದೆ, ಒಂಟಿ ಹಕ್ಕಿ ಇದೆ, ಒಡೆದ ದೋಣಿ ಇದೆ. ಪತ್ರದಲ್ಲಿ 11ನೇ ತಾರೀಕಿಗೆ ನಿಂತುಹೋದ ಹಾಲಿನ ಲೆಕ್ಕ ಇದೆ. ಆ ಸಾಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ, ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎರಡು ನೋಟ್‌ಬುಕ್ ತುಂಬಿಸಿದ್ದೀರಿ, ಆ ಕ್ಯಾಲೆಂಡರ್ ಯಾವುದಾದರೂ ಕವನದೊಳಗೆ ಬಂದಿದೆಯಾ? ಬಂದಿಲ್ಲ ಅಂತ ನನ್ನ ಊಹೆ. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ ಅನಿಸುತ್ತದೆ.

ಕತ್ತಲು, ಒಂಟಿ ಹಕ್ಕಿ ಇವೆಲ್ಲ ಯಾರ ದುಃಖಕ್ಕಾದರೂ ಹೊಂದುತ್ತವೆ. ಹಾಗಾಗಿ ಅವುಗಳ ಸುತ್ತ ಎಷ್ಟು ಸುತ್ತಿದರೂ ನೀವು ನಿಮ್ಮ ಅಪ್ಪನ ಹತ್ತಿರ ಹೋಗುವುದೇ ಇಲ್ಲ. ನಿನ್ನೆ ಬರೆದದ್ದನ್ನೇ ಇವತ್ತು ಬೇರೆ ಪದಗಳಲ್ಲಿ ಬರೆಯುತ್ತೀರಿ. ಬರೆಯುವಾಗ ಹಗುರ ಆಗುತ್ತದೆ, ಏಕೆಂದರೆ ತುಂಬಿದ್ದು ಹೊರಗೆ ಬಂತು. ಓದಿದಾಗ ಮತ್ತೆ ಭಾರ ಆಗುತ್ತದೆ, ಏಕೆಂದರೆ ಹೊರಗೆ ಬಂದದ್ದು ಅಲ್ಲೇ ಇದೆ, ಒಂದು ಹೆಜ್ಜೆಯೂ ಸರಿದಿಲ್ಲ.

ನೋವನ್ನು ಹೀಗೆ ತಿರುಗಿಸಿ ತಿರುಗಿಸಿ ಯೋಚಿಸುವುದಕ್ಕೆ ನಮ್ಮಲ್ಲಿ ಕೊರಗು ಎನ್ನುತ್ತಾರೆ. ಇದರ ಬಗ್ಗೆ ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ನೋಲೆನ್-ಹೂಕ್ಸಿಮಾ ವರ್ಷಗಟ್ಟಲೆ ಅಧ್ಯಯನ ಮಾಡಿದರು. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪ ಆಯಿತು. ಅದಕ್ಕೆ ಎರಡು ವಾರ ಮುಂಚೆ ಅವರು ಅಲ್ಲಿನ ವಿದ್ಯಾರ್ಥಿಗಳನ್ನು ಬೇರೆ ಕಾರಣಕ್ಕೆ ಪರೀಕ್ಷಿಸಿದ್ದರು. ಬೇಸರವಾದಾಗ ಯಾರು ಏನು ಮಾಡುತ್ತಾರೆ ಅನ್ನುವ ವಿವರ ಕೈಯಲ್ಲಿತ್ತು. ಭೂಕಂಪದ ನಂತರ ಅವರನ್ನೇ ಮತ್ತೆ ನೋಡಿದಾಗ, ಮೊದಲಿನಿಂದಲೂ ಕೊರಗುವ ಅಭ್ಯಾಸ ಇದ್ದವರಲ್ಲಿ ಏಳು ವಾರವಾದರೂ ಖಿನ್ನತೆ ಜಾಸ್ತಿ ಉಳಿದಿತ್ತು. ನಿಮ್ಮ ಯಜಮಾನರು ಗಾಯ ಕೆರೆಯುವುದು ಅಂದದ್ದು ಇದನ್ನೇ.

ಈಗ ಗೆಳತಿಯ ಮಾತಿಗೆ ಬರುತ್ತೇನೆ. ಅವರ ಪರವಾಗಿ ಹೇಳಲಿಕ್ಕೂ ಬಹಳ ಇದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಃಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯೊಬ್ಬರ ಜೊತೆ ಸೇರಿ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ, ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆದರು. ಉಳಿದವರು ಮಾಮೂಲಿ ವಿಷಯ ಬರೆದರು. ಆಮೇಲಿನ ಆರು ತಿಂಗಳಲ್ಲಿ, ಏನಾಯಿತು ಅನ್ನುವುದನ್ನೂ ಆಗ ಏನನಿಸಿತು ಅನ್ನುವುದನ್ನೂ ಸೇರಿಸಿ ಬರೆದವರು ಕಾಲೇಜಿನ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಇನ್ನೊಂದನ್ನೂ ಗಮನಿಸಿ. ಬರೆದ ತಕ್ಷಣ ಅವರ ಮನಸ್ಸು ಕೆಟ್ಟಿತ್ತು, ಬೇಸರ ಜಾಸ್ತಿಯಾಗಿತ್ತು. ಅಂದರೆ ಬರೆದ ಮೇಲೆ ಅಳು ಬಂದರೆ ಏನೋ ತಪ್ಪಾಯಿತು ಅಂತಲ್ಲ. ಒಂದೆರಡು ಗಂಟೆಯಲ್ಲಿ ಅದು ಇಳಿಯುತ್ತದಾ, ವಾರ ಕಳೆದಂತೆ ಕಡಿಮೆ ಆಗುತ್ತದಾ ಎಂದು ನೋಡಬೇಕು.

ಆಮೇಲೆ ಇಂಥ ಪ್ರಯೋಗಗಳು ನೂರಾರು ನಡೆದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಪ್ರಯೋಜನ ಇದೆ, ಆದರೆ ಸಣ್ಣದು ಅಂತ ತಿಳಿದುಬಂತು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಕವನ ಬರೆದರೆ ಸಾಕು, ಬೇರೇನೂ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊಟ, ನಿದ್ದೆ, ನಾಲ್ಕು ಜನರ ಜೊತೆ ಮಾತು, ಬೇಕಾದರೆ ವೈದ್ಯರು, ಇವುಗಳ ಜೊತೆಗೆ ಕವನಕ್ಕೂ ಒಂದು ಜಾಗ ಕೊಡಿ.

ಬರೆದವರಲ್ಲಿ ಯಾರು ಹೆಚ್ಚು ಸುಧಾರಿಸಿದರು ಅನ್ನುವುದನ್ನೂ ಪೆನ್ನೆಬೇಕರ್ ಹುಡುಕಿದರು. ಮೊದಲ ದಿನದಿಂದ ಕೊನೆಯ ದಿನಕ್ಕೆ ಬರುವಷ್ಟರಲ್ಲಿ ಯಾರ ಬರಹದಲ್ಲಿ "ಏಕೆಂದರೆ", "ಅದಕ್ಕೇ", "ಈಗ ತಿಳಿಯಿತು" ಎಂಬಂಥ ಪದಗಳು ಹೆಚ್ಚಾದವೋ ಅವರಿಗೆ ಜಾಸ್ತಿ ಗುಣ ಕಂಡಿತು. ಚೆಲ್ಲಾಪಿಲ್ಲಿಯಾಗಿದ್ದದ್ದು ಅವರ ಕೈಯಲ್ಲಿ ನಿಧಾನವಾಗಿ ಒಂದು ಕತೆಯಾಗಿತ್ತು. ಆದರೆ ಕವನದಲ್ಲಿ ಕತೆ ಇರಲೇಬೇಕಿಲ್ಲ. ಒಂದು ಭಾವದ ಮೇಲೇ ನಿಂತುಬಿಡಬಹುದು. ಇಷ್ಟು ಬರೆಯುವ ಕವಿಗಳಿಗೆ ಬರವಣಿಗೆ ಯಾಕೆ ಗುಣ ಕೊಡುವುದಿಲ್ಲ ಎಂದು 2006ರಲ್ಲಿ ಇಬ್ಬರು ಸಂಶೋಧಕರು ಕೇಳಿಕೊಂಡರು. ಕತೆಯ ಎಳೆ ಇಲ್ಲದಿರುವುದೇ ಒಂದು ಕಾರಣ ಇರಬಹುದು ಎಂಬುದು ಅವರ ವಾದ. ನನ್ನ ಅನುಭವವೂ ಹಾಗೇ ಹೇಳುತ್ತದೆ.

ಹಾಗಾದರೆ ಕವನ ಯಾಕೆ, ಸೀದಾ ಗದ್ಯವನ್ನೇ ಬರೆಯಬಹುದಲ್ಲ ಎಂದು ಕೇಳಬಹುದು. ಮೊದಲು ಗದ್ಯವನ್ನೇ ಬರೆಯಿರಿ ಅಂತಲೇ ಹೇಳುತ್ತೇನೆ. ಆದರೆ ಕವನಕ್ಕೆ ಗದ್ಯದಲ್ಲಿಲ್ಲದ ಒಂದು ಗುಣ ಇದೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅಜ್ಜಿಯಂದಿರ ಬೀಸುವ ಪದ ನೆನಪಿದೆಯಾ? ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ತವರಿನ ನೆನಪು, ಅತ್ತೆಮನೆಯ ಕಷ್ಟ, ಕರೆಯಲು ಬಾರದ ಅಣ್ಣ, ಉಳಿಯದ ಕೂಸು, ಎಲ್ಲವೂ ಆ ಹಾಡಿನಲ್ಲಿ ಬರುತ್ತಿತ್ತು. ಹಗಲಲ್ಲಿ ಯಾರೆದುರೂ ಹೇಳಲಾಗದ ಮಾತನ್ನು ಕಲ್ಲಿಗೆ ಹೇಳುತ್ತಿದ್ದರು. ಕಲ್ಲನ್ನು ತಾಯಿ ಎಂದೇ ಕರೆದು ಮಾತಾಡಿಸುತ್ತಿದ್ದರು.

ಆ ಹಾಡಿಗೆ ಮೂರೇ ಸಾಲು. ತ್ರಿಪದಿ. ಎಷ್ಟು ದೊಡ್ಡ ಸಂಕಟ ಇದ್ದರೂ ಮೂರು ಸಾಲಿನಲ್ಲಿ ಕೂರಬೇಕು. ಕೂರಿಸಬೇಕೆಂದರೆ ಆರಿಸಬೇಕು, ಯಾವ ಪದ ಬೇಕು, ಯಾವುದು ಬೇಡ ಎಂದು. ಹಾಗೆ ಆರಿಸುವ ಹೊತ್ತಿನಲ್ಲಿ ಮನಸ್ಸು ದುಃಖದೊಳಗೆ ಮುಳುಗಿರುವುದಿಲ್ಲ, ದುಃಖವನ್ನು ಕೈಯಲ್ಲಿ ಹಿಡಿದು ನೋಡುತ್ತಿರುತ್ತದೆ. ಕವನಕ್ಕೆ ಇರುವ ಗುಣ ಅಂದದ್ದು ಇದನ್ನು. ಜೊತೆಗೆ ಕೈ ಕೆಲಸ ಮಾಡುತ್ತಿತ್ತು, ಎದುರಿಗೆ ಇನ್ನೊಬ್ಬಳು ಕೂತಿದ್ದಳು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮತ್ತೊಂದು. ಹಿಟ್ಟು ಆದ ಮೇಲೆ ಹಾಡು ನಿಲ್ಲುತ್ತಿತ್ತು. ಕಲ್ಲಿಗೆ ಕೈ ಮುಗಿದು ಎದ್ದು ಹೋಗುತ್ತಿದ್ದರು. ಬೆಳಕು ಹರಿದಿರುತ್ತಿತ್ತು.

ನೀವು ಬರೆಯುತ್ತಿರುವುದು ಎಲ್ಲರೂ ಮಲಗಿದ ಮೇಲೆ, ಒಬ್ಬರೇ, ಮುಗಿಯುವ ಹೊತ್ತು ಅಂತ ಇಲ್ಲದೆ. ಮುಂದೆ ಇರುವುದು ಪೂರ್ತಿ ರಾತ್ರಿ. ಮೊದಲು ಇದನ್ನು ಬದಲಿಸಿ. ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಇಲ್ಲವೇ ಸಂಜೆ, 20 ನಿಮಿಷ ಸಾಕು. ಮೊಬೈಲಿನಲ್ಲಿ ಅಲಾರಂ ಇಡಿ. ಅಲಾರಂ ಆದಾಗ ಸಾಲು ಅರ್ಧಕ್ಕೇ ಇದ್ದರೂ ನೋಟ್‌ಬುಕ್ ಮುಚ್ಚಿ. ಆಮೇಲೆ ಕೈಗೆ ಕೆಲಸ ಕೊಡಿ, ಸೊಪ್ಪು ಬಿಡಿಸಿ, ಬಟ್ಟೆ ಮಡಚಿ, ಗಿಡಕ್ಕೆ ನೀರು ಹಾಕಿ. ರಾತ್ರಿ ಎಂಟರ ಮೇಲೆ ಹಳೆಯ ನೋಟ್‌ಬುಕ್ ತೆರೆಯಬೇಡಿ. ನಿದ್ದೆ ಕೆಟ್ಟ ಮನಸ್ಸಿಗೆ ಯಾವ ಕವನವೂ ಆಸರೆ ಆಗುವುದಿಲ್ಲ.

ಇನ್ನು ಬರೆಯುವ ರೀತಿ. ಮೊದಲ ಎರಡು ದಿನ ಕವನ ಬೇಡ. ಅಪ್ಪ ಹೋದ ದಿನದ್ದನ್ನು ಬೆಳಿಗ್ಗೆಯಿಂದ ಶುರು ಮಾಡಿ ಪತ್ರದ ಹಾಗೆ ಬರೆಯಿರಿ. ಯಾರು ಎಲ್ಲಿದ್ದರು, ಏನು ತಿಂಡಿ ಆಗಿತ್ತು, ಯಾರಿಗೆ ಯಾರು ಫೋನ್ ಮಾಡಿದರು. ಕಾಗುಣಿತ ನೋಡಬೇಡಿ, ಚೆಂದ ನೋಡಬೇಡಿ. "ಕರೆದುಕೊಂಡು ಹೋಗಿದ್ದರೆ" ಎಂದು ಬರೆದಿದ್ದೀರಲ್ಲ, ಆ "ಇದ್ದರೆ" ಬಂದಾಗಲೆಲ್ಲ ಅದರ ಕೆಳಗೆ "ಆವತ್ತು ನನಗೆ ಗೊತ್ತಿದ್ದದ್ದು ಇಷ್ಟು" ಎಂದು ಬರೆದು ಮುಂದುವರಿಸಿ. ಎದೆ ಉರಿ ಅಂದಾಗ ಗ್ಯಾಸ್ ಅಂದುಕೊಂಡದ್ದು ಅಸಡ್ಡೆಯಿಂದಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಕಂಡದ್ದು ಅಷ್ಟೇ ಆಗಿತ್ತು. ಇದನ್ನು ನಾನು ಹೇಳಿದರೆ ಸಮಾಧಾನದ ಮಾತಾಗುತ್ತದೆ. ನಿಮ್ಮ ಕೈಯಲ್ಲೇ ಬರೆದರೆ ಬೇರೆಯೇ ಆಗುತ್ತದೆ. ಬರೆಯುತ್ತಾ ಬರೆಯುತ್ತಾ ಎದೆ ಬಡಿತ ಏರಿ ಕೈ ನಡುಗತೊಡಗಿದರೆ ನಿಲ್ಲಿಸಿಬಿಡಿ, ಇಲ್ಲವೇ ಬೇರೆ ವಿಷಯಕ್ಕೆ ಹೋಗಿ. ಪೆನ್ನೆಬೇಕರ್ ಕೂಡ ಇದನ್ನೇ ಹೇಳುತ್ತಾರೆ, ತಡೆಯಲಾಗದ್ದನ್ನು ಹಟ ಹಿಡಿದು ಬರೆಯಬಾರದು.

ಮೂರನೇ ದಿನ ಆ ಪುಟಗಳಿಂದ ಒಂದೇ ಒಂದು ವಸ್ತು ಆರಿಸಿ. ಕ್ಯಾಲೆಂಡರ್ ಇರಬಹುದು, ಚಪ್ಪಲಿ ಇರಬಹುದು, ಕನ್ನಡಕದ ಡಬ್ಬಿ ಇರಬಹುದು. ಅದರ ಬಗ್ಗೆ ಮಾತ್ರ ಬರೆಯಿರಿ. ಆ ದಿನಕ್ಕೆ ಕೆಲವು ಪದ ಬಿಡಬೇಕು: ದುಃಖ, ನೋವು, ಕಣ್ಣೀರು, ಕತ್ತಲು, ಒಂಟಿ, ಬೇಜಾರು. ಬೇಜಾರು ಅನ್ನುವುದಂತೂ ನಮ್ಮಲ್ಲಿ ಎಲ್ಲಕ್ಕೂ ಆಗುತ್ತದೆ. ಬಸ್ ತಪ್ಪಿದರೂ ಬೇಜಾರು, ಅಪ್ಪ ಸತ್ತರೂ ಬೇಜಾರು. ಒಳಗೆ ನಿಜವಾಗಿ ಏನಿದೆ? ತಳಮಳವಾ, ಹಳಹಳಿಯಾ, ಅಳುಕಾ, ಕಸಿವಿಸಿಯಾ, ಅಪ್ಪನ ಮೇಲೇ ಸಿಟ್ಟಾ? ಸಿಟ್ಟು ಇದ್ದರೂ ಹೆದರಬೇಡಿ, ಹೇಳದೆ ಹೋದವರ ಮೇಲೆ ಸಿಟ್ಟು ಬರುವುದು ಸಹಜ. 2007ರಲ್ಲಿ ಅಮೆರಿಕದಲ್ಲಿ ಕೆಲವರಿಗೆ ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಮುಖದ ಭಾವಕ್ಕೆ ಸರಿಯಾದ ಹೆಸರು ಆರಿಸಿದಾಗ, ಮೆದುಳಿನಲ್ಲಿ ಭಯಕ್ಕೆ ಎದ್ದು ಕೂರುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯಿತು. ಹೆಸರಿಟ್ಟರೆ ಭಾವ ಸ್ವಲ್ಪ ಹಿಡಿತಕ್ಕೆ ಸಿಗುತ್ತದೆ. ಕನ್ನಡದಲ್ಲಿ ಇಷ್ಟೊಂದು ಹೆಸರುಗಳಿರುವಾಗ ಒಂದರಲ್ಲೇ ಮುಗಿಸುವುದು ಯಾಕೆ?

ನಾಲ್ಕನೇ ದಿನ ಅದನ್ನು ಮೂರು ಸಾಲಿಗೆ ಇಳಿಸಿ. ಪ್ರಾಸ ಬಂದರೆ ಬರಲಿ, ಬರದಿದ್ದರೆ ಬೇಡ. ಆಮೇಲೆ ಎರಡು ಮೂರು ದಿನ ಏನೂ ಬರೆಯಬೇಡಿ.

ಭಾಷೆಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಆತ್ಮಹತ್ಯೆ ಮಾಡಿಕೊಂಡ ಕವಿಗಳ ಕವನಗಳನ್ನೂ ಇತರ ಕವಿಗಳದ್ದನ್ನೂ ಹೋಲಿಸಿದ 2001ರ ಒಂದು ಅಧ್ಯಯನದಲ್ಲಿ, ಮೊದಲಿನವರಲ್ಲಿ "ನಾನು, ನನ್ನ" ಎಂಬ ಪದಗಳು ಹೆಚ್ಚು ಕಂಡವು. ಇದರಿಂದ ಯಾರ ಕವನ ನೋಡಿಯೂ ಭವಿಷ್ಯ ಹೇಳಲಾಗದು, ನಿಮ್ಮ ಕವನವನ್ನೂ ನಾನು ಹಾಗೆ ನೋಡುತ್ತಿಲ್ಲ. ಆದರೆ ಒಮ್ಮೆ ಪೆನ್ಸಿಲ್ ಹಿಡಿದು ಎಣಿಸಿ ನೋಡಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. "ಅಳುತ್ತೇನೆ, ಕಾಯುತ್ತೇನೆ" ಎಂದರೆ "ನಾನು" ಕ್ರಿಯಾಪದದ ಕೊನೆಯಲ್ಲೇ ಅಡಗಿ ಕೂತಿರುತ್ತದೆ. ಅವನ್ನೂ ಎಣಿಸಿ. ನಿಮ್ಮ ಮೊದಲ ಕವನದ ಹದಿನಾರು ಸಾಲಿನಲ್ಲಿ ನನಗೆ ಹತ್ತೊಂಬತ್ತು "ನಾನು" ಸಿಕ್ಕವು. "ಅಪ್ಪ" ಒಂದೇ ಸಲ ಸಿಕ್ಕಿತು.

ಆದರೆ ಕನ್ನಡವೇ ಇದಕ್ಕೆ ದಾರಿಯನ್ನೂ ಇಟ್ಟಿದೆ. ನಾವು "ನನಗೆ ದುಃಖ ಆಗಿದೆ" ಅನ್ನುತ್ತೇವೆ, "ಸಿಟ್ಟು ಬಂತು" ಅನ್ನುತ್ತೇವೆ. ದುಃಖ ಅನ್ನುವುದು ನಾನಲ್ಲ, ನನ್ನ ಹತ್ತಿರ ಬಂದದ್ದು. ಬಂದದ್ದನ್ನು ಮಾತಾಡಿಸಬಹುದು. ಕಲ್ಲಿಗೆ ಹೇಳಿದ ಹಾಗೆ, ಕವನವನ್ನು ಯಾರಿಗಾದರೂ ಹೇಳಿ. ಅಪ್ಪನಿಗೆ, ಅಮ್ಮನಿಗೆ, ಹಾಲಿನವನಿಗೆ, ಕ್ಯಾಲೆಂಡರಿಗೆ. ದ.ರಾ. ಬೇಂದ್ರೆಯವರು ಮಕ್ಕಳನ್ನು ಕಳೆದುಕೊಂಡವರು. ಮಗುವಿನ ಸಾವಿನ ಹೊತ್ತಿನಲ್ಲಿ ಅವರು ಬರೆದ "ನೀ ಹೀಂಗ ನೋಡಬ್ಯಾಡ ನನ್ನ" ಕವನ ಹೆಂಡತಿಯ ಜೊತೆ ಆಡುವ ಮಾತು, ಅವಳ ನೋಟದ ಬಗ್ಗೆ ಆಡುವ ಮಾತು. ತನ್ನ ಸಂಕಟವನ್ನು ಅವಳ ಕಣ್ಣಲ್ಲಿ ನೋಡುವ ತಂದೆ ಅಲ್ಲಿದ್ದಾನೆ. ಅಷ್ಟು ದೊಡ್ಡ ಕವನ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡರೆ ಮಾತಿನ ದಿಕ್ಕೇ ಬದಲಾಗುತ್ತದೆ ಅನ್ನುವುದಕ್ಕೆ ಹೇಳಿದೆ.

ನಮ್ಮ ಬರವಣಿಗೆಯ ಗುಂಪಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಗುರುತು ಸಿಗದಂತೆ ಸ್ವಲ್ಪ ಬದಲಿಸಿ ಹೇಳುತ್ತೇನೆ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ವಾರವಾರ "ನೀನಿಲ್ಲದ ಬಾಳು" ಎಂದೇ ಬರೆದು ತರುತ್ತಿದ್ದರು. ಒಮ್ಮೆ ಆಕೆಯ ಹೊಲಿಗೆ ಯಂತ್ರದ ಬಗ್ಗೆ ಬರೆದರು. ಅದರ ಸೂಜಿಯಲ್ಲಿ ಇನ್ನೂ ನೀಲಿ ದಾರ ಪೋಣಿಸಿಯೇ ಇದೆ, ಯಾರ ಬಟ್ಟೆಗೆ ಅಂತ ಗೊತ್ತಿಲ್ಲ ಎಂದು. ಓದುವಾಗ ಅವರೂ ಅತ್ತರು, ನಾವೂ ಅತ್ತೆವು. ಮುಂದಿನ ವಾರ ಬಂದಾಗ ಆ ದಾರ ಪಕ್ಕದ ಮನೆ ಹುಡುಗಿಯ ಲಂಗಕ್ಕೆ ಎಂದು ಪತ್ತೆ ಮಾಡಿಕೊಂಡು ಬಂದಿದ್ದರು. ಬರೆದದ್ದರಿಂದ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು, ಆ ಪ್ರಶ್ನೆ ಅವರನ್ನು ಪಕ್ಕದ ಮನೆ ಬಾಗಿಲಿಗೆ ಕಳಿಸಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ.

ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಕಾ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸದ್ಯಕ್ಕೆ ಬೇಡ. ಎಷ್ಟು ಜನ ನೋಡಿದರು, ಯಾರು ಏನೂ ಹೇಳಲಿಲ್ಲ ಎಂದು ಮನಸ್ಸು ಅತ್ತ ಹೋಗುತ್ತದೆ. ಬರೆದು ಹರಿದುಹಾಕಬೇಕು ಅನಿಸಿದರೆ ಹರಿಯಿರಿ, ತಪ್ಪೇನಿಲ್ಲ. ನೋಟ್‌ಬುಕ್ ಮನೆಯವರು ಕೇಳದೆ ಓದಬಾರದು ಅನಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ. ಯಜಮಾನರಿಗೆ ಹೀಗೆ ಹೇಳಬಹುದು: "ಬಿಡೋದಿಲ್ಲ, ಆದರೆ ರಾತ್ರಿ ಬರೆಯೋದಿಲ್ಲ." ಅವರಿಗೆ ನಿಮ್ಮ ಕವನಕ್ಕಿಂತ ನಿಮ್ಮ ನಿದ್ದೆಯ ಚಿಂತೆ ಹೆಚ್ಚಿದ್ದಂತಿದೆ.

ಯಾವಾಗ ವೈದ್ಯರನ್ನು ನೋಡಬೇಕು? ಎಂಟು ತಿಂಗಳಿಗೆ ದುಃಖ ಇರುವುದು ಕಾಯಿಲೆ ಅಲ್ಲ. ನಮ್ಮಲ್ಲಿ ವರ್ಷದ ತಿಥಿಯವರೆಗೆ ಮನೆ ತನ್ನ ಲಯಕ್ಕೆ ಬರುವುದೇ ಇಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿಯಲ್ಲಿ ಮುಗಿಯದ ಶೋಕಕ್ಕೂ ಒಂದು ಜಾಗವಿದೆ. ಆರು ತಿಂಗಳು ದಾಟಿ, ಆ ಸಮಾಜದ ವಾಡಿಕೆಯನ್ನೂ ಮೀರಿ, ದಿನದ ಕೆಲಸವೇ ಆಗದಷ್ಟು ತೀವ್ರವಾಗಿ ಉಳಿದರೆ ಅದಕ್ಕೆ ಚಿಕಿತ್ಸೆ ಬೇಕು. ನಾನು ಹೇಳಿದ ಹಾಗೆ ಮೂರು ನಾಲ್ಕು ವಾರ ಬರೆದು ನೋಡಿ. ಆಗಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ತಪ್ಪು ನನ್ನದೇ ಎಂಬ ಯೋಚನೆ ಬಿಡದಿದ್ದರೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ನೋಟ್‌ಬುಕ್ ಜೊತೆಗೇ ಒಯ್ಯಿರಿ. ಬಾಯಲ್ಲಿ ಹೇಳಲಾಗದ್ದು ಎಷ್ಟೋ ಸಲ ಅಲ್ಲಿ ಬರೆದಿರುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬರೆಯುತ್ತಿದ್ದೇನಲ್ಲ ಎಂದು ಅದನ್ನು ನಿಲ್ಲಿಸಬೇಡಿ.

ಕ್ಯಾಲೆಂಡರನ್ನು ಗೋಡೆಯಿಂದ ತೆಗೆಯುವ ಅವಸರ ಬೇಡ. ಈ ಸಲ ತವರಿಗೆ ಹೋದಾಗ ಅದರ ಮುಂದೆ ನಿಂತು ಸರಿಯಾಗಿ ನೋಡಿ. ಪೆನ್ನಿನಲ್ಲಿ ಬರೆದಿದ್ದಾರಾ ಪೆನ್ಸಿಲ್‌ನಲ್ಲಾ, ಅರ್ಧ ಲೀಟರಿಗೆ ಯಾವ ಗುರುತು, ಹಬ್ಬದ ದಿನ ಎಷ್ಟು ಹಾಲು ಹೆಚ್ಚಿಗೆ ತಂದಿದ್ದರು. ಮೂರು ಸಾಲು ಬಂದರೆ ಮೊದಲು ಅಮ್ಮನಿಗೆ ಓದಿ ಹೇಳಿ, ಅಲ್ಲೇ, ಅಡುಗೆಮನೆಯಲ್ಲೇ. ಆ ತಿಂಗಳ ಹಾಲಿನ ಲೆಕ್ಕವನ್ನು ಕೊನೆಗೆ ಯಾರು ಚುಕ್ತಾ ಮಾಡಿದರು ಎಂದು ಕೇಳಿ. ಅವರಿಗೆ ಗೊತ್ತಿರುತ್ತದೆ.